ಟೆಕ್ ಪದವಿ ಏನು ಕಲಿಸುತ್ತದೆ, ಕೆಲಸ ಏನು ಕೇಳುತ್ತದೆ

ಕಂಪ್ಯೂಟರ್ ಓದಿದರೆ ಕೆಲಸಕ್ಕೆ ಯೋಚನೆ ಇಲ್ಲ ಅನ್ನೋ ಮಾತು ತುಂಬಾ ವರ್ಷ ಓಡಾಡಿತು. ಈಗ ಅದೇ ಮಾತನ್ನು ಜನ ಸ್ವಲ್ಪ ತಡವರಿಸಿ ಹೇಳುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಪ್ರಶ್ನೆ ನೇರವಾಗಿಯೇ ಬರುತ್ತಿದೆ: ಕೋಡ್ ಬರೆಯೋಕೆ ಯಂತ್ರವೇ ಇರುವಾಗ ನಾಲ್ಕು ವರ್ಷ ಓದಿ ಏನು ಬಂತು? ಇದರ ಪಕ್ಕದಲ್ಲೇ ಎರಡು ಹಳೇ ದೂರುಗಳಿವೆ. "ಕಾಲೇಜಲ್ಲಿ ಕಲಿತದ್ದು ಒಂದೂ ಆಫೀಸಲ್ಲಿ ಕೆಲಸಕ್ಕೆ ಬರಲಿಲ್ಲ" ಅನ್ನೋದು ಹೊಸದಾಗಿ ಕೆಲಸಕ್ಕೆ ಸೇರಿದವರ ದೂರು. "ಪದವಿ ಇದೆ, ಆದರೆ ಕೆಲಸ ಬರಲ್ಲ" ಅನ್ನೋದು ಕಂಪನಿಯವರ ದೂರು.

ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಆದರೆ ಪದವಿ ಕೆಲಸಕ್ಕೆ ಎಷ್ಟು ತಯಾರು ಮಾಡುತ್ತದೆ ಅನ್ನೋದಕ್ಕೆ ಉತ್ತರ, ಪ್ರಶ್ನೆಯನ್ನು ಯಾವಾಗ ಕೇಳುತ್ತೀರಿ ಅನ್ನೋದರ ಮೇಲೆ ಬದಲಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಕೇಳಿದರೆ ಪದವಿ ದಂಡ ಅನ್ನಿಸುವುದು ಸಹಜ. ಐದಾರು ವರ್ಷ ಆದ ಮೇಲೆ ಕೇಳಿದರೆ ಅದೇ ವ್ಯಕ್ತಿ ಬೇರೆ ಮಾತು ಹೇಳಬಹುದು. ಯಾಕೆ ಹೀಗೆ ಅನ್ನೋದನ್ನು ಬುಡದಿಂದ ನೋಡೋಣ.

ಟೆಕ್ ಪದವಿ ಅಂದಾಗ ಇಲ್ಲಿ ಹೇಳುತ್ತಿರುವುದು ಮೂರು ನಾಲ್ಕು ವರ್ಷದ ಕಂಪ್ಯೂಟರ್ ಸೈನ್ಸ್, ಸಾಫ್ಟ್‌ವೇರ್ ಎಂಜಿನಿಯರಿಂಗ್, ಮಾಹಿತಿ ತಂತ್ರಜ್ಞಾನ ಈ ಥರದ ಕೋರ್ಸುಗಳ ಬಗ್ಗೆ. ಬೇರೆ ಎಂಜಿನಿಯರಿಂಗ್ ವಿಭಾಗಗಳಲ್ಲೂ ಕಥೆ ಹೆಚ್ಚುಕಡಿಮೆ ಇದೇ. ಆದರೆ ಗಲಾಟೆ ಜಾಸ್ತಿ ಇರೋದು ಸಾಫ್ಟ್‌ವೇರ್ ಕಡೆ.

ಈ ಪದವಿ ಹುಟ್ಟಿದ್ದೇ ಬೇರೆ ಕಾರಣಕ್ಕೆ

ಕಂಪ್ಯೂಟರ್ ಓದಿಗೆ ವಯಸ್ಸು ಜಾಸ್ತಿ ಇಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ 1953ರಲ್ಲಿ ಇದಕ್ಕಾಗಿ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1962ರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಅಂತಲೇ ಒಂದು ವಿಭಾಗ ತೆರೆಯಿತು. ಆ ಕಾಲದ ಮೇಷ್ಟ್ರುಗಳು ಬಂದದ್ದು ಹೆಚ್ಚಾಗಿ ಗಣಿತದಿಂದ, ಇಲ್ಲವೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಿಂದ. ಅವರ ಮುಂದಿದ್ದ ಪ್ರಶ್ನೆಗಳೂ ಅಲ್ಲಿಯವೇ. ಯಾವ ಲೆಕ್ಕವನ್ನು ಯಂತ್ರದಿಂದ ಮಾಡಿಸಬಹುದು? ಅದಕ್ಕೆ ಎಷ್ಟು ಹೊತ್ತು ಬೇಕು? ಯಂತ್ರದ ಒಳಗೆ ಅದು ಹೇಗೆ ನಡೆಯುತ್ತದೆ?

1968ರಲ್ಲಿ ಎರಡು ಘಟನೆ ನಡೆದವು. ಕಂಪ್ಯೂಟರ್ ವಿಜ್ಞಾನಿಗಳ ಸಂಘ ಎಸಿಎಂ, ಪದವಿಯಲ್ಲಿ ಏನೇನು ಕಲಿಸಬೇಕು ಅನ್ನೋ ಮಾದರಿ ಪಠ್ಯಕ್ರಮವನ್ನು ಪ್ರಕಟಿಸಿತು. ಅದೇ ವರ್ಷ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೊ ಅನ್ನೋ ಮಿಲಿಟರಿ ಒಕ್ಕೂಟ ಒಂದು ಸಮ್ಮೇಳನ ನಡೆಸಿತು. ದೊಡ್ಡ ದೊಡ್ಡ ಸಾಫ್ಟ್‌ವೇರ್ ಯೋಜನೆಗಳು ಹೇಳಿದ ಸಮಯಕ್ಕೆ ಮುಗಿಯುತ್ತಿಲ್ಲ, ಹೇಳಿದ ದುಡ್ಡಲ್ಲೂ ಮುಗಿಯುತ್ತಿಲ್ಲ, ಮುಗಿದರೂ ಸರಿಯಾಗಿ ಓಡುತ್ತಿಲ್ಲ ಅನ್ನೋದು ಅಲ್ಲಿನ ಚರ್ಚೆ. ಅಂದರೆ ಏನು ಕಲಿಸಬೇಕು ಅನ್ನೋ ಪಟ್ಟಿಯೂ, ಕೆಲಸದ ಜಾಗದಲ್ಲಿ ಏನು ಕೈಕೊಡುತ್ತಿದೆ ಅನ್ನೋ ದೂರಿನ ಪಟ್ಟಿಯೂ ಒಂದೇ ವರ್ಷ ಹೊರಬಂದವು. ಬಂದದ್ದು ಮಾತ್ರ ಬೇರೆ ಬೇರೆ ಕೋಣೆಗಳಿಂದ.

ಎಸಿಎಂನ ಪಟ್ಟಿ ಆಮೇಲೆ 1978, 1991, 2001, 2013, 2023ರಲ್ಲಿ ಹೊಸದಾಯಿತು. ಸುಮಾರು ಹತ್ತು ವರ್ಷಕ್ಕೊಮ್ಮೆ. ಕಾಲೇಜುಗಳು ಅದನ್ನು ತಮ್ಮ ಸಿಲಬಸ್‌ಗೆ ಇಳಿಸಿಕೊಳ್ಳೋಕೆ ಇನ್ನಷ್ಟು ಸಮಯ ಹಿಡಿಯುತ್ತದೆ. ಇವತ್ತು ಸಾಫ್ಟ್‌ವೇರ್ ಆಫೀಸುಗಳಲ್ಲಿ ದಿನಾ ಬಳಸುವ ಗಿಟ್, ಅಂದರೆ ಕೋಡಿನಲ್ಲಿ ಯಾರು ಏನು ಬದಲಿಸಿದರು ಅಂತ ದಾಖಲಿಸುವ ಉಪಕರಣ, ಬಂದದ್ದು 2005ರಲ್ಲಿ. ಪ್ರೋಗ್ರಾಮನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದೇ ಕಟ್ಟಾಗಿ ಕಟ್ಟಿಕೊಡುವ ಡಾಕರ್ 2013ರಲ್ಲಿ, ಅಂಥ ಕಟ್ಟುಗಳನ್ನು ಹಲವು ಯಂತ್ರಗಳಲ್ಲಿ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ 2014ರಲ್ಲಿ. ಸಿಲಬಸ್ ಒಂದು ಹೆಜ್ಜೆ ಇಡೋ ಹೊತ್ತಿಗೆ ಉಪಕರಣಗಳು ಒಂದು ಸುತ್ತು ಹಾಕಿ ಬಂದಿರುತ್ತವೆ.

ಇದನ್ನು ಕೇಳಿದ ತಕ್ಷಣ "ಹಾಗಾದರೆ ಸಿಲಬಸ್ ಬೇಗ ಬೇಗ ಬದಲಿಸಿ" ಅನ್ನಿಸುತ್ತದೆ ಅಲ್ವಾ? ಅಷ್ಟು ಸುಲಭ ಅಲ್ಲ. ಅದು ಅಷ್ಟು ಒಳ್ಳೆಯದೂ ಅಲ್ಲ.

ಎರಡು ವೇಗದ ಕಲಿಕೆ

ಟೆಕ್ ಜ್ಞಾನದಲ್ಲಿ ಎರಡು ಬಗೆ ಇದೆ. ಒಂದು ಬಹಳ ನಿಧಾನವಾಗಿ ಹಳೆಯದಾಗುತ್ತದೆ. ಇನ್ನೊಂದು ಬೇಗ ಹಳಸುತ್ತದೆ.

ನಿಧಾನದ ಬಗೆಗೆ ಉದಾಹರಣೆ ನೋಡಿ. ಮಾಹಿತಿಯನ್ನು ಪಟ್ಟಿಗಳಲ್ಲಿಟ್ಟು, ಆ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಬೇಕಾದ್ದನ್ನು ತೆಗೆಯುವ ವಿಧಾನವನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಬರೆದರು. ಇವತ್ತಿನ ಬ್ಯಾಂಕು, ಟಿಕೆಟ್ ಬುಕಿಂಗ್, ಆಸ್ಪತ್ರೆಗಳ ಡೇಟಾಬೇಸುಗಳಲ್ಲಿ ಬಹುಪಾಲು ನಿಂತಿರುವುದು ಅದರ ಮೇಲೆಯೇ. ಡೇಟಾಬೇಸಿನಲ್ಲಿ ಬೇಗ ಹುಡುಕಲು ಬಳಸುವ ಬಿ-ಟ್ರೀ ಅನ್ನೋ ರಚನೆಯನ್ನು ಬೇಯರ್ ಮತ್ತು ಮೆಕ್‌ಕ್ರೈಟ್ ಪ್ರಕಟಿಸಿದ್ದು 1972ರಲ್ಲಿ. ಇಂಟರ್ನೆಟ್‌ನಲ್ಲಿ ಕಂಪ್ಯೂಟರುಗಳು ಒಂದಕ್ಕೊಂದು ಮಾಹಿತಿ ಕಳಿಸಲು ಪಾಲಿಸುವ ಟಿಸಿಪಿ ಅನ್ನೋ ನಿಯಮಗಳ ಮೂಲ ಬರಹ ಸರ್ಫ್ ಮತ್ತು ಕಾನ್ ಅವರದು, 1974ರದು. ಇವನ್ನು ಇಪ್ಪತ್ತನೇ ವಯಸ್ಸಲ್ಲಿ ಕಲಿತವರಿಗೆ ನಿವೃತ್ತಿಯವರೆಗೂ ಉಪಯೋಗ ಇದೆ.

ಬೇಗ ಹಳಸುವ ಬಗೆಗೆ ಫ್ಲ್ಯಾಶ್ ಸಾಕು. ಒಂದು ಕಾಲದಲ್ಲಿ ವೆಬ್‌ಸೈಟ್ ಆಟಗಳು, ಜಾಹೀರಾತುಗಳು, ವಿಡಿಯೊ ಎಲ್ಲವೂ ಫ್ಲ್ಯಾಶ್‌ನಲ್ಲೇ. ಅದನ್ನು ಕಲಿತು ಅದರಲ್ಲೇ ಪಳಗಿದವರು ಎಷ್ಟೋ ಜನ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದನ್ನು ನಿಲ್ಲಿಸಿತು. ಆಗಿನ ಕಾಲೇಜೊಂದು ನಾಲ್ಕು ವರ್ಷದ ಪದವಿಯನ್ನು ಪೂರ್ತಿ ಫ್ಲ್ಯಾಶ್ ಸುತ್ತ ಕಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

ಮೊದಲ ವರ್ಷ ಸೇರಿದ ವಿದ್ಯಾರ್ಥಿ ಕೆಲಸಕ್ಕೆ ಹೋಗೋದು ನಾಲ್ಕು ವರ್ಷದ ಮೇಲೆ, ಕೆಲಸ ಮಾಡೋದು ಮುಂದಿನ ಮೂವತ್ತು ನಲವತ್ತು ವರ್ಷ. ಆಗ ಯಾವ ಉಪಕರಣ ಇರುತ್ತದೋ ಯಾರಿಗೆ ಗೊತ್ತು. ಹಾಗಾಗಿ ಕಾಲೇಜು ನಿಧಾನದ ಬಗೆಯ ಮೇಲೆ ಭಾರ ಹಾಕುತ್ತದೆ. ಕಂಪನಿಗೆ ಬೇಕಾಗಿರುವುದು ಸೋಮವಾರ ಬೆಳಿಗ್ಗೆಯಿಂದ ಕೆಲಸ ಮಾಡುವವರು, ಆದ್ದರಿಂದ ಅದು ಬೇಗದ ಬಗೆಯನ್ನು ಕೇಳುತ್ತದೆ. ಈ ಅಂತರದಲ್ಲಿ ಒಂದು ಪಾಲು ಯಾರ ತಪ್ಪೂ ಅಲ್ಲ. ಆದರೆ ಎಲ್ಲವನ್ನೂ ಇದೇ ಲೆಕ್ಕಕ್ಕೆ ಹಾಕಿ ಕಾಲೇಜುಗಳು ಕೈತೊಳೆದುಕೊಳ್ಳುವ ಹಾಗಿಲ್ಲ. ಅದಕ್ಕೆ ಆಮೇಲೆ ಬರೋಣ.

ಒಂದು ನಿಧಾನದ ರಿಪೋರ್ಟು

ಪುಸ್ತಕದ ಪಾಠ ಎಲ್ಲಿ ಕೈಹಿಡಿಯುತ್ತದೆ ಅನ್ನೋದನ್ನು ಹತ್ತಿರದಿಂದ ನೋಡೋಣ. ಒಂದು ಕಂಪನಿಯಲ್ಲಿ ಗ್ರಾಹಕರ ಪಟ್ಟಿ ಇದೆ, 1 ಲಕ್ಷ ಹೆಸರು. ಆರ್ಡರುಗಳ ಪಟ್ಟಿ ಇದೆ, 10 ಲಕ್ಷ ಸಾಲು. ಯಾವ ಗ್ರಾಹಕರು ಎಷ್ಟು ಆರ್ಡರ್ ಕೊಟ್ಟಿದ್ದಾರೆ ಅನ್ನೋ ರಿಪೋರ್ಟು ಬೇಕು.

ಸುಲಭವಾಗಿ ಹೊಳೆಯುವ ದಾರಿ ಇದು: ಮೊದಲ ಗ್ರಾಹಕರನ್ನು ತೆಗೆದುಕೊಂಡು 10 ಲಕ್ಷ ಆರ್ಡರುಗಳನ್ನೂ ಒಂದೊಂದಾಗಿ ನೋಡು, ಅವರದ್ದಾದರೆ ಎಣಿಸು. ಆಮೇಲೆ ಎರಡನೇ ಗ್ರಾಹಕರು, ಮತ್ತೆ 10 ಲಕ್ಷ. ಹೀಗೆ ಹೋದರೆ ಒಟ್ಟು ಹೋಲಿಕೆಗಳು 1 ಲಕ್ಷ ಗುಣಿಸು 10 ಲಕ್ಷ, ಅಂದರೆ 10 ಸಾವಿರ ಕೋಟಿ. ಯಂತ್ರ ಸೆಕೆಂಡಿಗೆ 10 ಕೋಟಿ ಹೋಲಿಕೆ ಮಾಡುತ್ತದೆ ಅಂತ ಇಟ್ಟುಕೊಂಡರೂ 1,000 ಸೆಕೆಂಡು ಬೇಕು. ಸುಮಾರು 17 ನಿಮಿಷ.

ಇನ್ನೊಂದು ದಾರಿ: ಪ್ರತಿ ಗ್ರಾಹಕರ ಹೆಸರಿಗೂ ಒಂದು ಖಾನೆ ಮಾಡಿಡು. ಆರ್ಡರುಗಳ ಪಟ್ಟಿಯನ್ನು ಒಂದೇ ಸಲ ಮೇಲಿಂದ ಕೆಳಗೆ ಓದು. ಪ್ರತಿ ಆರ್ಡರಿಗೂ ನೇರವಾಗಿ ಆ ಗ್ರಾಹಕರ ಖಾನೆಗೆ ಹೋಗಿ ಒಂದು ಕೂಡಿಸು. ಹೀಗೆ ನೇರವಾಗಿ ಖಾನೆ ತಲುಪಿಸುವ ರಚನೆಗೆ ಹ್ಯಾಶ್ ಟೇಬಲ್ ಅನ್ನುತ್ತಾರೆ. ಒಟ್ಟು ಹೆಜ್ಜೆಗಳು ಸುಮಾರು 11 ಲಕ್ಷ. ಎಣಿಕೆಯ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಎರಡೂ ಕೋಡು ಉದ್ದದಲ್ಲಿ ಹೆಚ್ಚುಕಡಿಮೆ ಒಂದೇ. ಎರಡೂ ಕೊಡುವ ಉತ್ತರ ಒಂದೇ. ಈ ವ್ಯತ್ಯಾಸವನ್ನು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕುವ ವಿದ್ಯೆಯೇ ಅಲ್ಗಾರಿದಮ್ ಪಾಠ. ಬಿಗ್ ಓ ಅಂತ ಪರೀಕ್ಷೆಗೆ ಉರು ಹೊಡೆಸುತ್ತಾರಲ್ಲ, ಅದು ಇದೇ: ಮಾಹಿತಿ ಹತ್ತು ಪಟ್ಟು ಬೆಳೆದರೆ ಹೊತ್ತು ಎಷ್ಟು ಪಟ್ಟು ಬೆಳೆಯುತ್ತದೆ ಅನ್ನೋ ಅಂದಾಜು.

ಕಾಲೇಜಿನ ಲ್ಯಾಬಿನಲ್ಲಿ ಮಾತ್ರ ಇದು ಕಾಣಿಸೋದೇ ಇಲ್ಲ. ಅಲ್ಲಿ 100 ಗ್ರಾಹಕರು, 1,000 ಆರ್ಡರು ಕೊಟ್ಟು ಪ್ರೋಗ್ರಾಂ ಓಡಿಸುತ್ತಾರೆ. ಕೆಟ್ಟ ದಾರಿಯಲ್ಲೂ ಬರೀ 1 ಲಕ್ಷ ಹೋಲಿಕೆ, ತಟಕ್ಕನೆ ಮುಗಿಯುತ್ತದೆ. ಎರಡಕ್ಕೂ ಪೂರ್ತಿ ಅಂಕ. ವಿದ್ಯಾರ್ಥಿಗೆ ಈ ಪಾಠ ಯಾಕಿದೆ ಅಂತಲೇ ಅರ್ಥವಾಗಲ್ಲ. ಮೂರು ವರ್ಷ ಆದ ಮೇಲೆ ಯಾವುದೋ ಆಫೀಸಲ್ಲಿ ರಿಪೋರ್ಟು ಬರೋಕೆ 17 ನಿಮಿಷ ಹಿಡಿದಾಗ ತಲೆಯಲ್ಲಿ ಗಂಟೆ ಹೊಡೆಯುತ್ತದೆ. ಪಾಠ ಕೆಲಸಕ್ಕೆ ಬಂತು, ಆದರೆ ತುಂಬಾ ತಡವಾಗಿ. "ಕಲಿತದ್ದು ಏನೂ ಬರಲಿಲ್ಲ" ಅನ್ನೋ ದೂರಿನಲ್ಲಿ ಒಂದು ಭಾಗ ಇಲ್ಲಿಂದ ಹುಟ್ಟುತ್ತದೆ. ಲ್ಯಾಬಿನಲ್ಲಿ 10 ಲಕ್ಷ ಸಾಲಿನ ಫೈಲು ಕೊಟ್ಟಿದ್ದರೆ ಆ ದಿನವೇ ಗೊತ್ತಾಗುತ್ತಿತ್ತು. ಅದಕ್ಕೆ ಹೊಸ ಸಿಲಬಸ್ ಬೇಕಿರಲಿಲ್ಲ, ದೊಡ್ಡದೊಂದು ಫೈಲು ಸಾಕಿತ್ತು.

ಮೊದಲ ವಾರದ ತಬ್ಬಿಬ್ಬು

ಈಗ ಇನ್ನೊಂದು ಮಗ್ಗುಲು. ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಮೊದಲು ಸಣ್ಣ ಕೆಲಸ ಕೊಡುತ್ತಾರೆ. ತಪ್ಪು ದಿನಾಂಕ ಹಾಕಿದರೆ ತೋರಿಸುವ ಸಂದೇಶ ಸರಿಯಿಲ್ಲ, ಬದಲಿಸು. ಅಷ್ಟೇ. ಕಾಲೇಜಿನ ಲೆಕ್ಕದಲ್ಲಿ ಐದು ನಿಮಿಷದ ಕೆಲಸ. ಆಫೀಸಿನಲ್ಲಿ ಮೂರು ದಿನ ಹಿಡಿದರೂ ಆಶ್ಚರ್ಯ ಇಲ್ಲ.

ಯಾಕೆ? ಮೊದಲು ಕೋಡನ್ನು ತನ್ನ ಲ್ಯಾಪ್‌ಟಾಪಿಗೆ ತಂದು ಓಡಿಸಬೇಕು. ಅದಕ್ಕೆ ಹತ್ತಾರು ಅನುಮತಿ, ಪಾಸ್‌ವರ್ಡು, ಇಂಥದ್ದೇ ಆವೃತ್ತಿಯ ಸಾಫ್ಟ್‌ವೇರ್ ಬೇಕು. ಆಮೇಲೆ ಲಕ್ಷಾಂತರ ಸಾಲಿನ ನಡುವೆ ಆ ಸಂದೇಶ ಎಲ್ಲಿದೆ ಅಂತ ಹುಡುಕಬೇಕು. ಸಿಕ್ಕರೆ ಒಂದು ಕಡೆ ಅಲ್ಲ, ನಾಲ್ಕು ಕಡೆ ಸಿಗುತ್ತದೆ. ಅದರಲ್ಲಿ ಎರಡು ಈಗ ಯಾರೂ ಬಳಸದ ಪುಟದವು. ಬರೆದವರು ಕಂಪನಿ ಬಿಟ್ಟು ಹೋಗಿದ್ದಾರೆ. ಬದಲಾಯಿಸಿದ್ದನ್ನು ತನ್ನದೇ ಬ್ರಾಂಚಿನಲ್ಲಿ ಇಡಬೇಕು. ಬ್ರಾಂಚ್ ಅಂದರೆ ಎಲ್ಲರ ಕೋಡಿನಿಂದ ಕವಲೊಡೆದ ಪ್ರತಿ, ಅದರಲ್ಲಿ ಏನು ಮಾಡಿದರೂ ಬೇರೆಯವರ ಕೆಲಸಕ್ಕೆ ತೊಂದರೆ ಇಲ್ಲ. ಅಷ್ಟರಲ್ಲಿ ಇನ್ನೊಬ್ಬರು ಅದೇ ಸಾಲನ್ನು ಬದಲಿಸಿರುತ್ತಾರೆ. ಯಾರದ್ದನ್ನು ಉಳಿಸಿಕೊಳ್ಳಲಿ ಅಂತ ಗಿಟ್ ಕೇಳುತ್ತದೆ. ಇದಕ್ಕೆ ಮರ್ಜ್ ಕಾನ್‌ಫ್ಲಿಕ್ಟ್ ಅನ್ನುತ್ತಾರೆ. ಆ ಪರದೆಯನ್ನು ಮೊದಲ ಸಲ ನೋಡಿದವರು ಗಾಬರಿಯಾಗದೇ ಇರೋದು ಕಷ್ಟ.

ಅದನ್ನು ದಾಟಿದ ಮೇಲೆ ಕೋಡ್ ರಿವ್ಯೂ. ಬರೆದದ್ದನ್ನು ತಂಡದ ಇನ್ನೊಬ್ಬರು ಓದಿ ಒಪ್ಪಬೇಕು. "ಬೇರೆ ಭಾಷೆಯಲ್ಲಿ ಬಳಸುವವರಿಗೆ ಈ ಸಂದೇಶ ಹೇಗೆ ಕಾಣುತ್ತದೆ?" ಅಂತ ಅವರು ಒಂದು ಸಾಲು ಬರೆದರೆ ಮತ್ತೆ ಮೊದಲಿಂದ ಶುರು.

ಕಾಲೇಜಿನ ಪ್ರೋಗ್ರಾಂ ಖಾಲಿ ಸೈಟಿನಲ್ಲಿ ಹೊಸ ಮನೆ ಕಟ್ಟಿದ ಹಾಗೆ. ಆಫೀಸಿನದ್ದು ಜನ ವಾಸವಿರುವ ಹಳೇ ಮನೆಯಲ್ಲಿ, ನೀರು ನಿಲ್ಲಿಸದೆ ಪೈಪು ಬದಲಿಸಿದ ಹಾಗೆ. ಗೋಡೆಯ ಒಳಗೆ ಯಾವ ಪೈಪು ಎಲ್ಲಿಗೆ ಹೋಗಿದೆ ಅನ್ನೋ ನಕ್ಷೆ ಎಷ್ಟೋ ಸಲ ಇರೋದೇ ಇಲ್ಲ.

ಇಲ್ಲಿ ಬೇಕಾದದ್ದು ಕೋಡ್ ಬರೆಯುವುದಕ್ಕಿಂತ ಜಾಸ್ತಿ, ಬೇರೆಯವರ ಕೋಡ್ ಓದುವುದು. ಬರೆಯುವುದಕ್ಕೆ ಪದವಿಯಲ್ಲಿ ಎಷ್ಟೋ ಲ್ಯಾಬುಗಳಿವೆ. ಓದುವುದಕ್ಕೆ ಒಂದೂ ಇರುವುದಿಲ್ಲ ಅನ್ನೋ ಕಡೆಗಳೇ ಹೆಚ್ಚು. ಇದು ಬೇಗ ಹಳಸುವ ಜ್ಞಾನ ಅಲ್ಲ. ಹಳೇ ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವ ಕಲೆ ಮೂವತ್ತು ವರ್ಷದ ಹಿಂದೆಯೂ ಬೇಕಿತ್ತು, ಮುಂದೆಯೂ ಬೇಕು. "ನಾವು ಶಾಶ್ವತವಾದದ್ದನ್ನು ಮಾತ್ರ ಕಲಿಸುತ್ತೇವೆ" ಅನ್ನೋ ಕಾಲೇಜಿನ ವಾದ ಇಲ್ಲಿ ನಿಲ್ಲುವುದಿಲ್ಲ.

ಹೆಸರಾಂತ ಕಾಲೇಜುಗಳಲ್ಲೂ ಈ ಕೊರತೆ ಇದೆ. 2020ರ ಜನವರಿಯಲ್ಲಿ ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳೇ ಸೇರಿ ಒಂದು ಕಿರು ಕೋರ್ಸು ನಡೆಸಿದರು. ಕಂಪ್ಯೂಟರಿಗೆ ಟೈಪ್ ಮಾಡಿ ಆಜ್ಞೆ ಕೊಡುವ ಕಮಾಂಡ್ ಲೈನ್, ಕೋಡ್ ಬರೆಯುವ ಎಡಿಟರ್, ಗಿಟ್, ದೋಷ ಹುಡುಕುವ ವಿಧಾನ, ಇಷ್ಟೇ ಅದರ ವಿಷಯ. ಪದವಿಯಲ್ಲಿ ಬಿಟ್ಟುಹೋದ ಸೆಮಿಸ್ಟರ್ ಅಂತಲೇ ಅದಕ್ಕೆ ಹೆಸರಿಟ್ಟರು. ಪಾಠಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ.

45 ನಿಮಿಷದಲ್ಲಿ ಮುಳುಗಿದ ಕಂಪನಿ

ಈ "ಸಣ್ಣಪುಟ್ಟ" ವಿಷಯಗಳು ಎಷ್ಟು ದೊಡ್ಡವು ಅನ್ನೋದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನೋ ಷೇರು ವ್ಯವಹಾರದ ಕಂಪನಿಯ ಕಥೆ ಇದೆ. 2012ರ ಆಗಸ್ಟ್ 1ರಂದು ನಡೆದದ್ದು. ಅಲ್ಲಿನ ಷೇರುಪೇಟೆ ನಿಯಂತ್ರಕರು ತನಿಖೆ ಮಾಡಿ ವಿವರವನ್ನು ಪ್ರಕಟಿಸಿದ್ದಾರೆ.

ಕಂಪನಿಯ ಹೊಸ ಕೋಡನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದಕ್ಕೆ ಹಾಕುವುದು ತಪ್ಪಿಹೋಯಿತು. ಎರಡನೆಯವರೊಬ್ಬರು ಪರಿಶೀಲಿಸಬೇಕು ಅನ್ನೋ ನಿಯಮ ಇರಲಿಲ್ಲ. ಆ ಎಂಟನೇ ಸರ್ವರಿನಲ್ಲಿ ವರ್ಷಗಳಿಂದ ಯಾರೂ ಬಳಸದ ಒಂದು ಹಳೇ ಭಾಗ ಹಾಗೆಯೇ ಉಳಿದಿತ್ತು. ಹೊಸ ಕೋಡು ತನ್ನನ್ನು ಚಾಲೂ ಮಾಡಲು ಇಟ್ಟುಕೊಂಡ ಗುರುತು, ಒಂದು ಕಾಲದಲ್ಲಿ ಆ ಹಳೇ ಭಾಗವನ್ನು ಚಾಲೂ ಮಾಡುತ್ತಿದ್ದ ಗುರುತೇ. ಪೇಟೆ ತೆರೆದ ಕೂಡಲೇ ಏಳು ಸರ್ವರು ಸರಿಯಾಗಿ ಕೆಲಸ ಮಾಡಿದವು. ಎಂಟನೆಯದರಲ್ಲಿ ಸತ್ತ ಕೋಡು ಎದ್ದು ಕೂತಿತು. ಷೇರು ಕೊಳ್ಳುವ, ಮಾರುವ ಆರ್ಡರುಗಳನ್ನು ಒಂದೇ ಸಮನೆ ಕಳಿಸತೊಡಗಿತು, ನಿಲ್ಲಿಸಬೇಕು ಅನ್ನೋದು ಅದಕ್ಕೆ ಗೊತ್ತೇ ಆಗಲಿಲ್ಲ.

ಪೇಟೆ ತೆರೆಯುವ ಮುಂಚೆಯೇ ವ್ಯವಸ್ಥೆ ತಾನಾಗಿ ಸಿಬ್ಬಂದಿಗೆ 97 ಇಮೇಲ್ ಕಳಿಸಿತ್ತು. ಅವನ್ನು ಎಚ್ಚರಿಕೆ ಅಂತ ಯಾರೂ ಓದಲಿಲ್ಲ. ಗಲಾಟೆ ಶುರುವಾದ ಮೇಲೆ, ಹೊಸ ಕೋಡಿನದ್ದೇ ತಪ್ಪು ಅಂದುಕೊಂಡು ಸರಿಯಾಗಿದ್ದ ಏಳು ಸರ್ವರುಗಳಿಂದಲೂ ಅದನ್ನು ತೆಗೆದರು. ಈಗ ಆ ಏಳರಲ್ಲೂ ಹಳೇ ಕೋಡು ಏಳತೊಡಗಿತು. ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಮುಂದಿನ ವರ್ಷ ಕಂಪನಿಯನ್ನು ಇನ್ನೊಂದು ಸಂಸ್ಥೆ ಕೊಂಡುಕೊಂಡಿತು.

ಇದರಲ್ಲಿ ಕಷ್ಟದ ಗಣಿತ ಎಲ್ಲೂ ಇಲ್ಲ. ಬಳಸದ ಕೋಡನ್ನು ಅಳಿಸುವುದು, ಎಲ್ಲ ಸರ್ವರಲ್ಲೂ ಒಂದೇ ಆವೃತ್ತಿ ಇದೆಯಾ ಅಂತ ನೋಡುವುದು, ಎಚ್ಚರಿಕೆ ಬಂದರೆ ಯಾರು ಓದಬೇಕು ಅಂತ ಗೊತ್ತು ಮಾಡುವುದು, ಏನಾಗಿದೆ ಅಂತ ತಿಳಿಯುವ ಮುಂಚೆ ಕೈಹಾಕದೆ ಇರುವುದು. ಇಷ್ಟೇ. ಕೋಡನ್ನು ಹೀಗೆ ನಿಜವಾದ ಬಳಕೆಗೆ ಹೊರಗೆ ಹಾಕುವುದಕ್ಕೆ ಡಿಪ್ಲಾಯ್‌ಮೆಂಟ್ ಅನ್ನುತ್ತಾರೆ. ಕಾಲೇಜಿನ ಪ್ರೋಗ್ರಾಂ ಅಂಕ ಬಂದ ದಿನವೇ ಕೊನೆಯುಸಿರು ಎಳೆಯುತ್ತದೆ. ಹತ್ತು ವರ್ಷ ಬದುಕುವ ಕೋಡಿನ ಕಷ್ಟ ಅಲ್ಲಿ ಅನುಭವಕ್ಕೆ ಬರೋದಾದರೂ ಹೇಗೆ?

ಪ್ರಶ್ನೆಪತ್ರಿಕೆ ಇಲ್ಲದ ಪರೀಕ್ಷೆ

ಕೆಲಸದಲ್ಲಿ ಪ್ರಶ್ನೆ ಪೂರ್ತಿಯಾಗಿ ಬರುವುದಿಲ್ಲ. ಪರೀಕ್ಷೆಯಲ್ಲಿ ಬೇಕಾದ ಅಂಕಿಗಳೆಲ್ಲ ಪ್ರಶ್ನೆಯೊಳಗೇ ಇರುತ್ತವೆ, ಬೇಡದ್ದು ಇರುವುದಿಲ್ಲ, ಉತ್ತರ ಒಂದು ಇದ್ದೇ ಇದೆ ಅನ್ನೋ ಭರವಸೆಯೂ ಇರುತ್ತದೆ. ಆಫೀಸಿನಲ್ಲಿ "ಪೇಜು ನಿಧಾನ ಆಗಿದೆ, ನೋಡಿ" ಅನ್ನುತ್ತಾರೆ. ಯಾವ ಪೇಜು? ಯಾರಿಗೆ ನಿಧಾನ? ಯಾವಾಗಿನಿಂದ? ಎಷ್ಟು ಬೇಗ ಆದರೆ ಸಾಕು? ಮೊದಲ ಅರ್ಧ ದಿನ ಹೋಗುವುದು ಪ್ರಶ್ನೆಯನ್ನು ಸರಿಮಾಡಿಕೊಳ್ಳೋದರಲ್ಲೇ. ಕೇಳೋಕೆ ಸಂಕೋಚ ಪಟ್ಟು ಸುಮ್ನೆ ತಮಗೆ ತೋಚಿದ್ದನ್ನು ಮಾಡಿ, ವಾರದ ಕೊನೆಗೆ "ನಾನು ಕೇಳಿದ್ದು ಇದಲ್ಲ" ಅನ್ನಿಸಿಕೊಳ್ಳುವವರು ಬಹಳ.

ಅಂಕದ ಲೆಕ್ಕವೂ ತಲೆಕೆಳಗು. ನೂರಕ್ಕೆ ಎಂಬತ್ತು ತೆಗೆದರೆ ಕಾಲೇಜಿನಲ್ಲಿ ಜಾಣರು. ಐದು ಸಲದಲ್ಲಿ ನಾಲ್ಕು ಸಲ ಸರಿಯಾಗಿ ದುಡ್ಡು ಕಳಿಸುವ ಆ್ಯಪನ್ನು ಯಾರೂ ಫೋನಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಪಕ್ಕದವರನ್ನು ಕೇಳಿದರೆ ಅಲ್ಲಿ ಕಾಪಿ, ಇಲ್ಲಿ ಕೇಳದೇ ಕೂತರೆ ತಪ್ಪು. ಬೇರೆಯವರು ಬರೆದದ್ದನ್ನು ಬಳಸಿಕೊಂಡರೆ ಅಲ್ಲಿ ಅಂಕ ಕಡಿತ, ಇಲ್ಲಿ ಇದ್ದದ್ದನ್ನೇ ಮತ್ತೆ ಬರೆದರೆ ಸಮಯ ದಂಡ.

ಇನ್ನು ಬರವಣಿಗೆ. ಸಾಫ್ಟ್‌ವೇರ್ ಕೆಲಸದಲ್ಲಿ ಕೋಡಿನ ಜೊತೆ ಸಾಮಾನ್ಯ ಭಾಷೆಯ ಬರಹ ಎಷ್ಟಿರುತ್ತದೆ ಅನ್ನೋದು ಹೊಸಬರಿಗೆ ಅಚ್ಚರಿ ತರುತ್ತದೆ. ಏನು ಬದಲಿಸಿದೆ, ಯಾಕೆ ಬದಲಿಸಿದೆ, ಏನು ಕೆಡಬಹುದು, ಎಷ್ಟು ದಿನ ಬೇಕು. ಇದನ್ನು ನಾಲ್ಕು ಸಾಲಿನಲ್ಲಿ ತಿಳಿಯುವ ಹಾಗೆ ಬರೆಯಬಲ್ಲವರು ತಂಡದಲ್ಲಿ ಬೇಗ ಎದ್ದು ಕಾಣುತ್ತಾರೆ.

ಇದೆಲ್ಲ ಪದವಿ ರೂಪಿಸುವವರಿಗೆ ಗೊತ್ತಿಲ್ಲ ಅಂತಲ್ಲ. ಒಂದು ದೇಶದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳಲು 1989ರಲ್ಲಿ ಆರು ದೇಶಗಳ ಸಂಸ್ಥೆಗಳು ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡವು. ಆಮೇಲೆ ಇನ್ನೂ ಹಲವು ದೇಶ ಸೇರಿದವು. ಪದವೀಧರರಿಗೆ ಏನೇನು ಬರಬೇಕು ಅನ್ನೋ ಅದರ ಪಟ್ಟಿಯಲ್ಲಿ ಗಣಿತ, ವಿನ್ಯಾಸದ ಜೊತೆಗೆ ತಂಡದಲ್ಲಿ ದುಡಿಯುವುದು, ಮಾತು ಮತ್ತು ಬರಹ, ವೃತ್ತಿ ನೀತಿ, ಯೋಜನೆ ನಿಭಾಯಿಸುವುದು, ಜೀವನಪೂರ್ತಿ ಕಲಿಯುವುದು ಎಲ್ಲವೂ ಇವೆ. ಕಾಗದದ ಮೇಲೆ ಇದೆ, ಸರಿ. ಅಳೆಯುವುದು ಹೇಗೆ? ಮೂರು ಗಂಟೆಯ ಪರೀಕ್ಷೆ ಹ್ಯಾಶ್ ಟೇಬಲ್ ಬಗ್ಗೆ ಕೇಳಬಹುದು. ಮರ್ಜ್ ಕಾನ್‌ಫ್ಲಿಕ್ಟ್ ಬಂದಾಗ ಪಕ್ಕದವರ ಜೊತೆ ಹೇಗೆ ಮಾತಾಡುತ್ತೀರಿ ಅಂತ ಕೇಳೋಕೆ ಬರಲ್ಲ. ಅಳೆಯೋಕೆ ಸುಲಭವಾದದ್ದೇ ಕಲಿಸೋದರಲ್ಲೂ ಮುಂದೆ ಬಂದು ಕೂರುತ್ತದೆ.

ಓದು ಒಂದಷ್ಟು, ಕೆಲಸ ಒಂದಷ್ಟು

ಈ ಅಂತರ ತುಂಬುವ ಪ್ರಯತ್ನ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅನ್ನೋ ಪ್ರಾಧ್ಯಾಪಕರು 1906ರಲ್ಲೇ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಕಾರ್ಖಾನೆಗೂ ತರಗತಿಗೂ ಕಳಿಸುವ ಪದ್ಧತಿ ತಂದರು. ಇದಕ್ಕೆ ಕೋ-ಆಪ್ ಅಂತ ಹೆಸರಾಯಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾದದ್ದೇ ಈ ಪದ್ಧತಿಯ ಮೇಲೆ. ಅಲ್ಲಿ ಕೋ-ಆಪ್ ವಿದ್ಯಾರ್ಥಿ ನಾಲ್ಕು ತಿಂಗಳು ಓದಿದರೆ ನಾಲ್ಕು ತಿಂಗಳು ಸಂಬಳದ ಕೆಲಸ, ಮತ್ತೆ ಓದು. ಪದವಿಗೆ ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಜರ್ಮನಿಯಲ್ಲಿ ಕಂಪನಿಯೇ ವಿದ್ಯಾರ್ಥಿಯ ಜೊತೆ ಒಪ್ಪಂದ ಮಾಡಿಕೊಂಡು, ಓದು ಮತ್ತು ಕೆಲಸ ಎರಡನ್ನೂ ಜೊತೆಗೆ ನಡೆಸುವ ಪದವಿಗಳಿವೆ.

ಇದರ ದೊಡ್ಡ ಲಾಭ ಬರೀ ಅನುಭವ ಅಲ್ಲ. ಕೆಲಸದ ಜಾಗದಲ್ಲಿ 17 ನಿಮಿಷದ ರಿಪೋರ್ಟು ನೋಡಿ ಬಂದವರು ತರಗತಿಗೆ ವಾಪಸು ಬಂದಾಗ ಅಲ್ಗಾರಿದಮ್ ಪಾಠವನ್ನು ಬೇರೆ ಕಿವಿಯಿಂದ ಕೇಳುತ್ತಾರೆ. ಪ್ರಶ್ನೆ ಮೊದಲು ಬಂದು ಉತ್ತರ ಆಮೇಲೆ ಸಿಗುತ್ತದೆ.

ಮಾಮೂಲಿ ಇಂಟರ್ನ್‌ಶಿಪ್ಪಿಗೂ ಇದೇ ಉದ್ದೇಶ. ಆದರೆ ಎಲ್ಲ ಇಂಟರ್ನ್‌ಶಿಪ್ಪೂ ಒಂದೇ ಅಲ್ಲ. ಎರಡು ತಿಂಗಳು ಯಾರೂ ನೋಡದ ಡೆಮೊ ಮಾಡಿ ಸರ್ಟಿಫಿಕೇಟ್ ತಂದರೆ ಅದು ಇನ್ನೊಂದು ಕಾಲೇಜು ಪ್ರಾಜೆಕ್ಟೇ. ಬರೆದ ಕೋಡನ್ನು ಯಾರಾದರೂ ರಿವ್ಯೂ ಮಾಡಿದರಾ, ಅದು ನಿಜವಾದ ಬಳಕೆದಾರರ ತನಕ ಹೋಯಿತಾ? ಈ ಎರಡು ಪ್ರಶ್ನೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಕೆಲವೇ ತಿಂಗಳಲ್ಲಿ ಕೆಲಸಕ್ಕೆ ತಯಾರು ಮಾಡುವ ಬೂಟ್‌ಕ್ಯಾಂಪುಗಳು ಇದರ ಉಲ್ಟಾ. ಅವು ಬೇಗದ ಬಗೆಯನ್ನು ಮೊದಲು ಕಲಿಸುತ್ತವೆ. ಮೊದಲ ತಿಂಗಳು ಅವರು ಚುರುಕಾಗಿ ಕಾಣುವುದು ಅದಕ್ಕೇ. ನಿಧಾನದ ಬಗೆಯನ್ನು ಆಮೇಲೆ ಕೆಲಸದ ನಡುವೆ ತಾವೇ ಕಲಿಯಬೇಕು. ಹಾಗೆ ಕಲಿತು ಮುಂದೆ ಬಂದವರೂ ಇದ್ದಾರೆ. ಅಂಥವರಿಗೆ ಪದವಿ ಇಲ್ಲದ್ದು ದೊಡ್ಡ ಕೊರತೆ ಆಗುವುದಿಲ್ಲ.

ಎಐ ಬಂದ ಮೇಲೆ ಬದಲಾದದ್ದು

ಕೋಡ್ ಬರೆಯಲು ನೆರವಾಗುವ ಗಿಟ್‌ಹಬ್ ಕೋಪೈಲಟ್ ಅನ್ನೋ ಎಐ ಉಪಕರಣ 2021ರಲ್ಲಿ ಬಂದಾಗ ಅರ್ಧ ಸಾಲು ಬರೆದರೆ ಉಳಿದದ್ದನ್ನು ಸೂಚಿಸುತ್ತಿತ್ತು. ಈಗಿನ ಉಪಕರಣಗಳು ಮಾಮೂಲಿ ಮಾತಿನಲ್ಲಿ ಕೇಳಿದರೆ ಪೂರ್ತಿ ಪ್ರೋಗ್ರಾಂ ಕೊಡುತ್ತವೆ. ಅಂದರೆ ಕೋಡನ್ನು ಟೈಪ್ ಮಾಡುವ ಕೆಲಸಕ್ಕೆ ಬೆಲೆ ಇಳಿಯಿತು. ಏನು ಬೇಕು ಅಂತ ಸ್ಪಷ್ಟವಾಗಿ ಹೇಳುವುದು, ಬಂದದ್ದು ಸರಿಯಾ ಅಂತ ನೋಡುವುದು, ಇವುಗಳ ಬೆಲೆ ಏರಿತು.

ಮೇಲಿನ ರಿಪೋರ್ಟನ್ನೇ ಎಐಗೆ ಕೇಳಿದಿರಿ ಅಂದುಕೊಳ್ಳಿ. ಅದು ಎರಡನೇ ದಾರಿಯಲ್ಲಿ ಬರೆಯಬಹುದು, ಮೊದಲನೆಯದರಲ್ಲೂ ಬರೆಯಬಹುದು. ಸಣ್ಣ ಫೈಲಿನಲ್ಲಿ ಎರಡೂ ಸರಿಯಾಗಿ ಓಡುತ್ತವೆ. ಓದಿ ವ್ಯತ್ಯಾಸ ಕಂಡುಹಿಡಿಯಬೇಕಾದವರು ನೀವು. ದುಡ್ಡಿನ ಲೆಕ್ಕಕ್ಕೆ ಅದು ದಶಮಾಂಶದ ಸಾಮಾನ್ಯ ಸಂಖ್ಯೆಯನ್ನೇ ಬಳಸಿದರೆ? ಎಷ್ಟೋ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಯಂತ್ರ ಸಂಖ್ಯೆಯನ್ನು ಸೊನ್ನೆ ಒಂದರಲ್ಲಿ ಇಟ್ಟುಕೊಳ್ಳುವುದರಿಂದ 0.1 ಅದರೊಳಗೆ ಪೂರ್ತಿಯಾಗಿ ಕೂರುವುದಿಲ್ಲ. ಇದು ಮೊದಲ ವರ್ಷದ ಪಾಠ. ಬೇಜಾರಿನ ಪಾಠ ಅಂತ ಹಿಂದಿನ ಬೆಂಚಿನಲ್ಲಿ ಮಲಗಿದವರು ಲಕ್ಷಾಂತರ ವ್ಯವಹಾರದ ಲೆಕ್ಕ ತಾಳೆಯಾಗದಾಗ ಎದ್ದು ಕೂರಬೇಕಾಗುತ್ತದೆ.

ಹಾಗಾಗಿ ಪದವಿಯ ನಿಧಾನದ ಭಾಗಕ್ಕೆ ಎಐ ಬಂದ ಮೇಲೆ ತೂಕ ಹೆಚ್ಚಿದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಒಂದು ತೊಡಕು ಇದೆ, ಅದು ಸಣ್ಣದಲ್ಲ. ಹೊಸಬರಿಗೆ ಮೊದಲು ಕೊಡುತ್ತಿದ್ದ ಕೆಲಸಗಳು, ಅಂದರೆ ಸಂದೇಶ ಬದಲಿಸುವುದು, ಸಣ್ಣ ದೋಷ ತೆಗೆಯುವುದು, ಕೋಡು ಸರಿಯಾಗಿ ಓಡುತ್ತದಾ ಅಂತ ನೋಡುವ ಟೆಸ್ಟು ಬರೆಯುವುದು, ಇವೇ ಎಐಗೆ ಸಲೀಸು. ಆ ಕೆಲಸಗಳಿಂದ ಕಂಪನಿಗೆ ಬಂದ ಲಾಭ ಕಡಿಮೆಯೇ. ಆದರೆ ಹೊಸಬರು ಹಳೇ ಕೋಡ್ ಓದಲು ಕಲಿಯುತ್ತಿದ್ದದ್ದು ಅಲ್ಲೇ. ಕಾಲೇಜು ಕಲಿಸದೇ ಬಿಟ್ಟದ್ದನ್ನು ಮೊದಲ ಕೆಲಸ ಕಲಿಸುತ್ತಿತ್ತು. ಆ ಮೆಟ್ಟಿಲು ಸಣ್ಣದಾದರೆ ಅದನ್ನು ಇನ್ನೆಲ್ಲಾದರೂ ಕಟ್ಟಬೇಕು. ಕಾಲೇಜೋ, ಕಂಪನಿಯೋ, ವಿದ್ಯಾರ್ಥಿಯ ರಾತ್ರಿ ಹೊತ್ತಿನ ಬಿಡುವೋ.

ಓದುತ್ತಿರುವವರು ಏನು ಮಾಡಬಹುದು

ಕಾಲೇಜು ಆರಿಸುವಾಗ ಪ್ಲೇಸ್‌ಮೆಂಟ್ ಪೋಸ್ಟರ್ ಒಂದನ್ನೇ ನೋಡಬೇಡಿ. ಅಲ್ಲಿನ ಸೀನಿಯರುಗಳನ್ನು ಹಿಡಿದು ಕೇಳಿ. ಒಂದೇ ಪ್ರೋಗ್ರಾಮಿನ ಮೇಲೆ ಒಂದು ಸೆಮಿಸ್ಟರಿಗಿಂತ ಜಾಸ್ತಿ ಕಾಲ ಕೆಲಸ ಮಾಡಿದ್ದೀರಾ? ನಿಮ್ಮ ಕೋಡನ್ನು ಮೇಷ್ಟ್ರು ಓದಿ ಟಿಪ್ಪಣಿ ಬರೆಯುತ್ತಾರಾ, ಇಲ್ಲ ಔಟ್‌ಪುಟ್ ಬಂದರೆ ಸಹಿ ಹಾಕುತ್ತಾರಾ? ಈ ಎರಡಕ್ಕೆ ಸಿಗುವ ಉತ್ತರ ಸಿಲಬಸ್ ಪುಸ್ತಕಕ್ಕಿಂತ ಜಾಸ್ತಿ ಹೇಳುತ್ತದೆ.

ಈಗಾಗಲೇ ಓದುತ್ತಿರುವವರು ಓಪನ್ ಸೋರ್ಸ್ ಕಡೆ ನೋಡಬಹುದು. ಯಾರು ಬೇಕಾದರೂ ಕೋಡ್ ಓದಿ, ತಿದ್ದುಪಡಿ ಕಳಿಸಬಹುದಾದ ಯೋಜನೆಗಳು ಇವು. ದೊಡ್ಡ ಹೆಸರಿನ ಯೋಜನೆಯೇ ಆಗಬೇಕಿಲ್ಲ. ಬಳಕೆಯ ಸೂಚನೆಯಲ್ಲಿ ಒಂದು ತಪ್ಪು ಸಾಲು ತಿದ್ದಿದರೂ ಬ್ರಾಂಚು, ರಿವ್ಯೂ, ಕಾಯುವುದು, ಮತ್ತೆ ತಿದ್ದುವುದು ಎಲ್ಲವೂ ಒಂದು ಸುತ್ತು ಆಗಿಬಿಡುತ್ತದೆ.

ಕೊನೇ ವರ್ಷದ ಪ್ರಾಜೆಕ್ಟಿಗೆ ಎಲ್ಲರೂ ಹೊಸದನ್ನೇ ಹುಡುಕುತ್ತಾರೆ. ಹೋದ ವರ್ಷದ ಬ್ಯಾಚು ಬಿಟ್ಟುಹೋದ ಪ್ರಾಜೆಕ್ಟನ್ನು ಮುಂದುವರಿಸಲು ಮೇಷ್ಟ್ರು ಒಪ್ಪಿದರೆ ಅದನ್ನೇ ತೆಗೆದುಕೊಳ್ಳಿ. ಮೊದಲ ದಿನ ಅದು ಓಡುವುದಿಲ್ಲ, ಬಹುಶಃ ಎರಡನೇ ದಿನವೂ ಓಡುವುದಿಲ್ಲ. ಯಾವ ಆವೃತ್ತಿ ಬೇಕು ಅಂತ ಬರೆದಿರುವುದಿಲ್ಲ, ಪಾಸ್‌ವರ್ಡು ಯಾರದೋ ಹಳೇ ಲ್ಯಾಪ್‌ಟಾಪಿನಲ್ಲಿರುತ್ತದೆ, ಒಂದು ಫೈಲಿನ ಹೆಸರು "ಫೈನಲ್ 2" ಅಂತಿರುತ್ತದೆ. ಅದನ್ನು ಓಡಿಸಲು ಏನೇನು ಮಾಡಿದಿರಿ ಅನ್ನೋದನ್ನು ಒಂದೊಂದೇ ಬರೆದಿಡಿ. ಆ ಕಾಗದವನ್ನು ಪ್ರಾಜೆಕ್ಟಿನ ಜೊತೆಗೇ ಇಟ್ಟರೆ ಮುಂದಿನ ಬ್ಯಾಚಿಗೆ ಎರಡು ದಿನ ಉಳಿಯುತ್ತದೆ. ಇಂಟರ್ವ್ಯೂನಲ್ಲಿ ಪ್ರಾಜೆಕ್ಟಿನ ಬಗ್ಗೆ ಕೇಳಿದಾಗ ಹೇಳೋಕೆ ನಿಮಗೂ ಏನಾದರೂ ಇರುತ್ತದೆ.